ಮಂಜು ಮಂಜಾದ ವೇಪ್ ಟ್ಯಾಂಕ್ (ಇ-ಸಿಗರೇಟಿನ ದ್ರವ ತುಂಬುವ ಭಾಗ) ಪ್ಲಾಸ್ಟಿಕ್ಕನ್ನು ಮನೆಯಲ್ಲೇ ಪಾರದರ್ಶಕ ಮಾಡಬಹುದೇ?

ಮಂಜು ಮೇಲ್ಮೈಯಲ್ಲಷ್ಟೇ ಇದ್ದರೆ ಮಾಡಬಹುದು. ಮೊದಲು ಒಳಗೂ ಹೊರಗೂ ನೀರು ಸವರಿ ಬೆಳಕಿಗೆ ಹಿಡಿಯಿರಿ. ಒದ್ದೆಯಾದಾಗ ಆಚೆಯದು ಸ್ಪಷ್ಟವಾಗಿ ಕಂಡರೆ ಪಾಲಿಶ್‌ಗೆ ಒಗ್ಗುತ್ತದೆ. ಆಗಲೂ ಹಾಲುಬಿಳುಪೇ ಇದ್ದರೆ ಮಂಜು ಪ್ಲಾಸ್ಟಿಕ್ಕಿನೊಳಗೇ ಇದೆ, ಉಜ್ಜಿ ಲಾಭವಿಲ್ಲ.

ಕಾಯಿಲ್ (ದ್ರವ ಬಿಸಿ ಮಾಡುವ ತಂತಿಯ ಭಾಗ), ಬ್ಯಾಟರಿ, ರಬ್ಬರ್ ರಿಂಗ್ ಬಿಚ್ಚಿಡಿ. ಟ್ಯಾಂಕನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು, 800ರ ವಾಟರ್ ಪೇಪರನ್ನು (ಒದ್ದೆ ಮಾಡಿ ಉಜ್ಜುವ ಮರಳು ಕಾಗದ; ಸಂಖ್ಯೆ ಹೆಚ್ಚಿದಷ್ಟೂ ನುಣುಪು) ನೆನೆಸಿ ಒಂದೇ ದಿಕ್ಕಿಗೆ ಉಜ್ಜಿ. ಆಮೇಲೆ 1200, 2000, 3000. ಪ್ರತಿ ಸಲ ದಿಕ್ಕನ್ನು ಅಡ್ಡಕ್ಕೆ ತಿರುಗಿಸಿ. ಹಿಂದಿನ ಗೀರು ಪೂರ್ತಿ ಮಾಯವಾಗುವವರೆಗೆ ಮುಂದಿನದಕ್ಕೆ ಹೋಗಬೇಡಿ. ಕೊನೆಗೆ ಗೀರು ಉಳಿಯುವುದು ಬಹುತೇಕ ಇಲ್ಲಿನ ಅವಸರದಿಂದಲೇ. ನಂತರ ಹತ್ತಿ ಬಟ್ಟೆಯಲ್ಲಿ ಪ್ಲಾಸ್ಟಿಕ್ ಪಾಲಿಶ್ ತಿಕ್ಕಿ. ಒಳಮೈಗೆ ಪೆನ್ಸಿಲಿಗೆ ಪೇಪರ್ ಸುತ್ತಿಕೊಳ್ಳಿ; ಹೊರಗಷ್ಟೇ ಮಾಡಿದರೆ ಅರ್ಧ ಮಬ್ಬು ಉಳಿಯುತ್ತದೆ. ತಿರುಪು ಸುತ್ತುವ ಜಾಗ, ರಬ್ಬರ್ ರಿಂಗ್ ಕೂರುವ ಕೊರಕಲಿಗೆ ಟೇಪ್ ಅಂಟಿಸಿ, ಅಲ್ಲಿ ಸವೆದರೆ ಸೋರುತ್ತದೆ.

ಡ್ರಿಲ್‌ಗೆ ಬಫ್ (ಪಾಲಿಶ್ ಮಾಡುವ ಮೆತ್ತನೆಯ ಚಕ್ರ) ಸಿಕ್ಕಿಸಿದರೆ ನಿಧಾನ ವೇಗ ಸಾಕು, ಬಿಸಿಯಾದರೆ ಪ್ಲಾಸ್ಟಿಕ್ ಕರಗಿ ಎಳೆಯುತ್ತದೆ. ಅಸಿಟೋನ್ ಬೇಡವೇ ಬೇಡ: ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಇನ್ನಷ್ಟು ಬೆಳ್ಳಗಾಗುತ್ತದೆ. ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಿದರೂ ಜೇಡರಬಲೆಯಂಥ ಬಿರುಕು ಬೀಳಬಹುದು. ಬಾಯಿಗಿಡುವ ತುದಿಗೆ ಪಾಲಿಶ್ ಹಚ್ಚದೆ 3000ಕ್ಕೇ ನಿಲ್ಲಿಸುವುದು ಒಳ್ಳೆಯದು. ಉಜ್ಜಿದ ಭಾಗಗಳನ್ನೆಲ್ಲ ಸೋಪು ನೀರಲ್ಲಿ ಎರಡು ಸಲ ತೊಳೆದು ಪೂರ್ತಿ ಒಣಗಿಸಿ ಜೋಡಿಸಿ.

(ಭಾರತದಲ್ಲಿ 2019ರಿಂದ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ ನಿಷಿದ್ಧ, ಹೊರದೇಶದಲ್ಲಿರುವವರಿಗೆ ಈ ಉತ್ತರ. ಸ್ಕೂಟರಿನ ಹೆಡ್‌ಲೈಟಿಗೂ ಇದೇ ಕ್ರಮ ನಡೆಯುತ್ತದೆ.)