ನಿಮ್ಮ ವೃಷಭಾವತಿ ಲೇಖನದ ಬಗ್ಗೆ

ನಮಸ್ಕಾರ.

ಬೆಂಗಳೂರಿನ ವೃಷಭಾವತಿ ನದಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ತಾಯಿ, ಶಾಪ, ಕಣ್ಣೀರು ಎಲ್ಲ ಬಂದಿದೆ, ನದಿ ಮಾತ್ರ ಬಂದಿಲ್ಲ. ಅದು ಬರುವುದು ಮೂರನೇ ಪುಟದಲ್ಲಿ, ಕೆಂಗೇರಿ ಹತ್ತಿರ ನೀವು ನಿಂತು ನೋಡಿದಾಗ. ತಡೆಗೋಡೆಗೆ ಎದೆಮಟ್ಟದಲ್ಲಿ ಪ್ಲಾಸ್ಟಿಕ್ ಚೂರುಗಳು ಅಂಟಿಕೊಂಡಿವೆ ಅಂದಿದ್ದೀರಿ. ಒಳ್ಳೆಯ ಕಣ್ಣು! ಮಳೆ ಬಂದಾಗ ನೀರು ಎಲ್ಲಿವರೆಗೆ ಏರಿತ್ತು ಅಂತ ಅದೊಂದೇ ಸಾಲು ಹೇಳುತ್ತದೆ. ಆದರೆ ಯಾಕೆ ಅಷ್ಟು ಏರುತ್ತದೆ? ನೀವು ಕೇಳಿಕೊಳ್ಳಲೇ ಇಲ್ಲ. ಮೇಲಿನ ನೆಲವೆಲ್ಲ ಕಾಂಕ್ರೀಟು. ಇಂಗಲು ಜಾಗವಿಲ್ಲದ ಮಳೆ ರಾಜಕಾಲುವೆ (ಊರಿನ ದೊಡ್ಡ ಮಳೆನೀರು ಕಾಲುವೆ) ಹಿಡಿದು ಒಂದೇ ಸಲ ನುಗ್ಗುತ್ತದೆ. ನೀವು ಬರೆದಿರುವುದು ಹರಿಯುವ ಗೆರೆಯ ಬಗ್ಗೆ. ನನಗೆ ಬೇಕಿರುವುದು ಆ ಗೆರೆಗೆ ನೀರು ಕೊಡುವ ನೆಲ.

ಇದನ್ನು ನೋಡದ್ದರಿಂದಲೇ ದೊಡ್ಡ ತಪ್ಪೊಂದು ನುಸುಳಿದೆ. ಬೆಳ್ಳಂದೂರು ಕೆರೆಯ ನೊರೆಯನ್ನು ವೃಷಭಾವತಿಯ ತಲೆಗೆ ಕಟ್ಟಿದ್ದೀರಿ. ಬೆಂಗಳೂರು ದಿಣ್ಣೆಯ ಮೇಲಿನ ಊರು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ದಿಣ್ಣೆಯ ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ, ಅಲ್ಲಿಂದ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಬೆಳ್ಳಂದೂರು ಪೂರ್ವದ್ದು. ಅದರ ನೀರು ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಕೊನೆಗೆ ಎರಡೂ ಬಂಗಾಳಕೊಲ್ಲಿಗೇ, ಆದರೆ ದಾರಿಯಲ್ಲಿ ಎಲ್ಲೂ ಸೇರುವುದಿಲ್ಲ.

ಕೆಂಪಾಂಬುಧಿ ಕೆರೆ ಪಶ್ಚಿಮದ ಕಣಿವೆಗೆ ಸೇರಿದ್ದು, ಲಾಲ್‌ಬಾಗ್ ಕೆರೆ ಪೂರ್ವದ್ದಕ್ಕೆ. ನಡುವಿನ ದೂರ ನಡೆದೇ ಹೋಗುವಷ್ಟು. ಜೋರು ಮಳೆ ಬಂದ ದಿನ ಕೊಡೆ ಹಿಡಿದು ಬಸವನಗುಡಿಯ ರಸ್ತೆಗಳಲ್ಲಿ ಓಡಾಡಿ. ಚರಂಡಿ ನೀರು ಯಾವ ತಿರುವಿನಲ್ಲಿ ಎತ್ತ ಹೊರಳುತ್ತದೆ ನೋಡಿ, ಬರೆದುಕೊಳ್ಳಿ. ನಿಮ್ಮ ಲೇಖನ ಶುರುವಾಗಬೇಕಿರುವುದು ಅಲ್ಲಿ. ದೊಡ್ಡ ಬಸವಣ್ಣನ ಪಾದದಲ್ಲಿ ನದಿ ಹುಟ್ಟಿತು ಅನ್ನುವ ಕಥೆ ಇರಲಿ, ಆದರೆ ಒಂದೂವರೆ ಪುಟ ಜಾಸ್ತಿಯಾಯಿತು.

ಇನ್ನೊಂದು. ‘ಬೇಸಿಗೆಯಲ್ಲಿ ಬತ್ತಿಹೋಗುವ ಬಡನದಿ’ ಅಂದಿದ್ದೀರಿ. ಏಪ್ರಿಲ್‌ನಲ್ಲಿ ಮೈಸೂರು ರಸ್ತೆಯ ಕಡೆ ಹೋಗಿದ್ದೀರಾ? ವರ್ಷವಿಡೀ ಹರಿಯುತ್ತದೆ ಸ್ವಾಮಿ. ಹರಿಯುವುದು ನಮ್ಮ ಮನೆಗಳ ನೀರು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿ ಮೇಲಕ್ಕೆ ತಂದ ಕಾವೇರಿ, ಬಚ್ಚಲು, ಕಕ್ಕಸು, ಮೋರಿ ದಾಟಿ ವೃಷಭಾವತಿಗೆ ಇಳಿಯುತ್ತದೆ. ಆಮೇಲೆ ಅರ್ಕಾವತಿ ಜೊತೆ ಹೋಗಿ, ಎತ್ತಿದ ಜಾಗಕ್ಕಿಂತ ಕೆಳಗೆ ಮತ್ತೆ ಕಾವೇರಿಯನ್ನೇ ಸೇರುತ್ತದೆ. ಅಂದಮೇಲೆ ಈ ನದಿಯ ಜಲಾನಯನಕ್ಕೆ, ಅಂದರೆ ಅದಕ್ಕೆ ನೀರು ಕೊಡುವ ನೆಲಕ್ಕೆ, ನಮ್ಮ ನಲ್ಲಿಯೂ ಸೇರಿತು, ಅಲ್ವಾ? ಈ ವಿಷಯ ನಿಮ್ಮ ಕೈಯಲ್ಲೇ ಇತ್ತು, ಶಾಪ ಹಾಕುವ ಭರದಲ್ಲಿ ಬಿಟ್ಟುಬಿಟ್ಟಿರಿ.

ಬಿಡದಿ ಹತ್ತಿರದ ಬೈರಮಂಗಲ ಕೆರೆಗೂ ಹೋಗಿ ಬನ್ನಿ. ಈ ನೀರೇ ಅಲ್ಲಿ ಗದ್ದೆ ತೋಟಗಳಿಗೆ ಹೋಗುತ್ತದೆ. ರೈತರನ್ನು ಮಾತಾಡಿಸಿ, ಅವರ ಮಾತನ್ನು ತಿದ್ದದೆ ಹಾಗೇ ಬರೆಯಿರಿ.

ಪರಿಷ್ಕರಿಸಿದ ಪ್ರತಿ 1,200 ಪದ ಮೀರದಿರಲಿ. ಜೊತೆಗೆ ಕೈಯಲ್ಲಿ ಬರೆದ ನಕ್ಷೆಯೊಂದನ್ನು ಕಳಿಸಿ, ನೀರು ಪೂರ್ವಕ್ಕೂ ಪಶ್ಚಿಮಕ್ಕೂ ಬೇರೆಯಾಗುವ ದಿಣ್ಣೆಯ ಗೆರೆ ಅದರಲ್ಲಿ ಇರಲೇಬೇಕು. ಮಳೆಗಾಲ ಮುಗಿಯುವವರೆಗೆ ಸಮಯ ತೆಗೆದುಕೊಳ್ಳಿ.