ಎರಡು ವಾರ ನಿಲ್ಲಿಸಿದರೆ ಕಾರು ಸ್ಟಾರ್ಟ್ ಆಗಲ್ಲ, ಬ್ಯಾಟರಿ ಮಾತ್ರ ಹೊಸದು
ಲಾಕ್ ಆಗಿ ನಿಂತಾಗಲೂ ಕಾರಿನಲ್ಲಿ ಏನೋ ಒಂದು ಕರೆಂಟ್ ಎಳೆಯುತ್ತಿರುವ ಸಾಧ್ಯತೆಯೇ ಹೆಚ್ಚು. ಮೊದಲು ಬ್ಯಾಟರಿಯನ್ನು ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬ್ಯಾಟರಿಗೆ ಹಿಡಿದ ಮಲ್ಟಿಮೀಟರ್ (ವೋಲ್ಟೇಜ್, ಕರೆಂಟ್ ಅಳೆಯುವ ಮೀಟರ್) 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.4ಕ್ಕಿಂತ ಇಳಿದಿದ್ದರೆ ಹೊಸ ಬ್ಯಾಟರಿಯೇ ಕೆಟ್ಟಿರಬಹುದು, ವಾರಂಟಿ ಕೇಳಿ.

ಸರಿಯಿದ್ದರೆ ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ, ಬಿಚ್ಚಿದ ಕೇಬಲ್ ಮತ್ತು ನೆಗೆಟಿವ್ ಟರ್ಮಿನಲ್ ನಡುವೆ ಮೀಟರ್ ಜೋಡಿಸಿ. ಲಾಕ್ ಮಾಡಿ ಅರ್ಧ ಗಂಟೆ ಕಾಯಿರಿ. ಆಗ ಕೀ ತಿರುಗಿಸಲೇಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. 50 ಮಿಲಿಆಂಪಿಯರ್ ದಾಟಿದ್ದರೆ ಕಾರಿನ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೋ ತೊಂದರೆ ಆ ಲೈನಿನಲ್ಲಿದೆ. ಕಾರು ಕೊಂಡ ಮೇಲೆ ಹಾಕಿಸಿದ ಡ್ಯಾಶ್ ಕ್ಯಾಮೆರಾ, ಸ್ಟೀರಿಯೊಗಳನ್ನೇ ಮೊದಲು ಅನುಮಾನಿಸಿ.

ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಆನ್ ಮಾಡಿಡುವುದು ಸಾಲದು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಓಡಿಸಿ, ಆಗದಿದ್ದರೆ ನೆಗೆಟಿವ್ ಕೇಬಲ್ ಬಿಚ್ಚಿಡಿ.