ಮನೆಗೇ ಬಂದು ನಾಯಿಗೆ ದಯಾಮರಣ ಕೊಡಲು 4,500 ರೂಪಾಯಿ ಹೆಚ್ಚಾಯಿತೇ?

ವಿಜಯಪುರದಲ್ಲಿ 30 ಕೆಜಿಯ ಮುದಿ ಲ್ಯಾಬ್ರಡಾರ್, ಎರಡೂ ಕಿಡ್ನಿ ಕೈಕೊಟ್ಟಿವೆ. ಡಾಕ್ಟರು ಮನೆಗೆ ಬರಲು 4,500 ರೂ. ಹೇಳಿದ್ದಾರೆ, ಪರಿಚಯದ ಕಂಪೌಂಡರ್ 500ಕ್ಕೆ ಮುಗಿಸಿಕೊಡುತ್ತೇನೆ ಅಂದಿದ್ದಾನೆ. ಸಲಾಯಿನ್ ಮೇಲೆ ಇನ್ನೊಂದು ವಾರ ನೋಡಿ, ತೀರಾ ಕೈಮೀರಿದಾಗ ಕರೆಯೋಣ ಅಂತ ನಿಮ್ಮ ವಿಚಾರ. ಇದೇ ಲೆಕ್ಕ ಬಾಗಲಕೋಟೆಯ ನಮ್ಮ ಮನೆಯಲ್ಲೂ ನಡೆದಿತ್ತು. ಅದಕ್ಕೇ ಹೇಳುತ್ತೇನೆ ನೋಡ್ರಿ, 4,500 ಹೆಚ್ಚೋ ಕಡಿಮೆಯೋ ಆಮೇಲಿನ ಮಾತು. ದುಬಾರಿಯಾಗುವುದು ಆ ‘ತೀರಾ ಕೈಮೀರಿದಾಗ’ ಅನ್ನುವುದು.

ಕಾರಣ ಪೂರ್ತಿ ನರದಲ್ಲಿದೆ. ಕೊನೆಯ ಔಷಧಿ ರಕ್ತನಾಳಕ್ಕೇ ಹೋಗಬೇಕು. ಮುಂಗಾಲಿನ ಮೇಲೆ ಒಂದಿಷ್ಟು ಕೂದಲು ಬೋಳಿಸಿ, 22 ನಂಬರಿನ ನೀಲಿ ಅಥವಾ 24 ನಂಬರಿನ ಹಳದಿ ಕ್ಯಾನುಲಾ (ನರದೊಳಗೆ ಬಿಡುವ ಸಣ್ಣ ಪ್ಲಾಸ್ಟಿಕ್ ನಳಿಗೆ) ಹಾಕಿ ಪ್ಲಾಸ್ಟರ್ ಸುತ್ತುತ್ತಾರೆ. ಕಿಡ್ನಿ ಹೋದ ನಾಯಿ ವಾಂತಿ ಮಾಡಿಕೊಂಡು ನೀರು ಕುಡಿಯುವುದನ್ನೂ ಬಿಟ್ಟಿತು ಅಂದರೆ ಮೈಯ ನೀರೆಲ್ಲ ಆರಿ ಬಿ.ಪಿ. ಇಳಿಯುತ್ತದೆ, ನರ ಚಪ್ಪಟೆಯಾಗಿ ಬೆರಳಿಗೇ ಸಿಗುವುದಿಲ್ಲ. ಅದರ ಮೇಲೆ ದಿನಾ ಸಲಾಯಿನ್ ಏರಿಸಿದ್ದರೆ ಎರಡೂ ಮುಂಗಾಲಿನ ನರಗಳು ಊದಿ ಗಟ್ಟಿಯಾಗಿರುತ್ತವೆ. ಚುಚ್ಚುತ್ತಾರೆ, ತಪ್ಪುತ್ತದೆ, ಹಿಂಗಾಲಿಗೆ ಹೋಗುತ್ತಾರೆ, ಅಲ್ಲೂ ತಪ್ಪುತ್ತದೆ. ಕೊನೆಗೆ ಕೊಡುವ ಥಯೋಪೆಂಟಲ್ ತರಹದ ಔಷಧಿ ತೀರಾ ಕ್ಷಾರ, ನರ ಬಿಟ್ಟು ಪಕ್ಕದ ಮಾಂಸಕ್ಕೆ ಸೋರಿದರೆ ಉರಿಯುತ್ತದೆ. ನರ ಸಿಗಲೇ ಇಲ್ಲ ಅಂದರೆ ಪೂರ್ತಿ ಅಮಲು ಬರಿಸಿ ಹೊಟ್ಟೆಯೊಳಗೆ ಚುಚ್ಚಿ ಕೊಡುವ ದಾರಿ ಉಂಟು. ಅದಕ್ಕೆ ಔಷಧಿ ಹೆಚ್ಚು ಬೇಕು, ಹೊತ್ತೂ ಹಿಡಿಯುತ್ತದೆ. ಮೊದಲು ಮಾಂಸಕ್ಕೆ ಕೊಡುವ ಅಮಲಿನ ಇಂಜೆಕ್ಷನ್ ಕೂಡ ರಕ್ತ ಓಡಾಡದ ಮೈಯಲ್ಲಿ ತಡವಾಗಿ ಏರುತ್ತದೆ, ಕೆಲವೊಮ್ಮೆ ಎರಡನೇ ಸಲ ಕೊಡಬೇಕಾಗುತ್ತದೆ. ಒಂದು ವಾರದ ಸಲಾಯಿನ್ ಖರ್ಚು, ಅದರ ಮೇಲೆ ಈ ಹೆಚ್ಚಿನ ಔಷಧಿ, ಮೇಲಾಗಿ ನಾಯಿಯ ನರಳಾಟ. ಇದನ್ನು ಉಳಿತಾಯ ಅನ್ನಲು ಬರುವುದಿಲ್ಲ.

ನಾಯಿ ಇನ್ನೂ ಸ್ವಲ್ಪ ನೀರು ಕುಡಿಯುತ್ತಿರುವಾಗಲೇ, ಹಿಡಿದು ಎಬ್ಬಿಸಿದರೆ ಅಂಗಳಕ್ಕೆ ಹೋಗಿ ಬರುವಾಗಲೇ ದಿನ ಗೊತ್ತು ಮಾಡಿ. ಸಲಾಯಿನ್‌ಗೆ ಹಾಕಿದ ಕ್ಯಾನುಲಾ ಈಗಲೂ ಊತವಿಲ್ಲದೆ ಸರಾಗವಾಗಿ ನಡೆಯುತ್ತಿದ್ದರೆ ಅದನ್ನು ತೆಗೆಸಬೇಡಿ, ಅದರಲ್ಲೇ ಕೆಲಸವಾಗುತ್ತದೆ.

ಕಂಪೌಂಡರ್ ಮಾತು ಇಲ್ಲಿಗೇ ಬಿಡಿ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಇದು ನೋಂದಾಯಿತ ಪಶುವೈದ್ಯರೇ ಮಾಡುವ ಕೆಲಸ. ಕಾಯ್ದೆಗಿಂತ ದೊಡ್ಡ ಭಯ ಬೇರೆ ಇದೆ. ಅಗ್ಗದಲ್ಲಿ ಮುಗಿಸುವವರು ಎಚ್ಚರವಿರುವ ನಾಯಿಗೇ ಮೆಗ್ನೀಷಿಯಂ ಸಲ್ಫೇಟ್ ಏರಿಸಿಬಿಡಬಹುದು. ಅದರಿಂದ ಮೈಯ ಸ್ನಾಯುಗಳೆಲ್ಲ ಸಡಿಲಾಗಿ ಉಸಿರು ಕಟ್ಟುತ್ತದೆ, ಅರಿವು ಮಾತ್ರ ಹೋಗುವುದಿಲ್ಲ. ಹೊರಗಿನಿಂದ ನೋಡಿದವರಿಗೆ ನಾಯಿ ಸುಮ್ಮನೆ ಮಲಗಿದಂತೆ ಕಾಣುತ್ತದೆ, ಒಳಗೆ ಅದಕ್ಕೆ ಎಲ್ಲ ಗೊತ್ತಾಗುತ್ತಿರುತ್ತದೆ.

ಇನ್ನು 4,500. ಔಷಧಿ, ಕ್ಯಾನುಲಾ, ಸಿರಿಂಜ್ ಎಲ್ಲ ಸೇರಿ ಅದರಲ್ಲಿ ಸಣ್ಣ ಪಾಲು. ದೊಡ್ಡ ಪಾಲು ಡಾಕ್ಟರ ಸಮಯ ಮತ್ತು ಓಡಾಟ. ರಾತ್ರಿ ಕರೆದರೆ, ಭಾನುವಾರ ಕರೆದರೆ ಏರುತ್ತದೆ. ಔಷಧಿ ತೂಕದ ಲೆಕ್ಕ, ಹಾಗಾಗಿ ಪೊಮೆರೇನಿಯನ್‌ಗೂ ನಿಮ್ಮ ಲ್ಯಾಬ್‌ಗೂ ಒಂದೇ ದರ ಇರುವುದಿಲ್ಲ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು, ಈಗಿನ ತೂಕವನ್ನು ಫೋನಿನಲ್ಲೇ ತಿಳಿಸಿ. ಆಮೇಲೆ ಇಷ್ಟು ಕೇಳಿ: ಅಮಲಿನ ಇಂಜೆಕ್ಷನ್ ಈ ದುಡ್ಡಿನಲ್ಲೇ ಸೇರಿದೆಯೇ? ಕ್ಯಾನುಲಾ ಹಾಕುತ್ತೀರಾ, ಸೂಜಿಯಲ್ಲೇ ಕೊಡುತ್ತೀರಾ? ಅರಿವು ಪೂರ್ತಿ ತಪ್ಪಿದ್ದನ್ನು ನೋಡಿಯೇ ಎರಡನೆಯದು, ಅಂದರೆ ಕೊನೆಯ ಇಂಜೆಕ್ಷನ್, ಕೊಡುತ್ತೀರಾ? ಮೂರಕ್ಕೂ ಸಮಾಧಾನದ ಉತ್ತರ ಬಂದರೆ ಚೌಕಾಸಿ ಮಾಡದೆ ಕೊಟ್ಟುಬಿಡಿ.

ಕೈ ಬಿಗಿಯಾಗಿದ್ದರೆ ಅಮಲಿನ ಇಂಜೆಕ್ಷನ್ ಬಿಡಿಸಬೇಡಿ, ಮನೆಗೆ ಬರುವುದನ್ನು ಬಿಡಿಸಿ. ಮನೆಯಲ್ಲೇ ಆಗಬೇಕು ಅನ್ನುವ ಹಟ ನಮ್ಮದು, ನಾಯಿಯದಲ್ಲ. ಕಾರಿಗೆ ರೂಢಿಯಾದ ನಾಯಿಯಾಗಿದ್ದರೆ ಹಿಂದಿನ ಸೀಟಿನಲ್ಲಿ ಅದರದ್ದೇ ಚಾದರ ಹಾಸಿ ಕ್ಲಿನಿಕ್ ಮುಂದೆ ನಿಲ್ಲಿಸಿ. ಡಾಕ್ಟರು ಕಾರಿನ ಹತ್ತಿರವೇ ಬಂದು ಮಾಡಬಲ್ಲರು, ಮೊದಲೇ ಮಾತಾಡಿ ಒಪ್ಪಿಸಬೇಕಷ್ಟೇ. ಸರ್ಕಾರಿ ಪಶು ಆಸ್ಪತ್ರೆಯಲ್ಲೂ ಕೇಳಿ ನೋಡಿ, ಖರ್ಚು ಬಹಳ ಇಳಿಯುತ್ತದೆ.

ಇಷ್ಟರೊಳಗೆ ನಾಯಿ ಯಾರನ್ನಾದರೂ ಕಚ್ಚಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಕಚ್ಚಿದ ನಾಯಿಯನ್ನು 10 ದಿನ ಕಣ್ಣಿಟ್ಟು ನೋಡುವುದು ರೇಬೀಸ್ ವಿಷಯದ ನಿಯಮ. ಕಚ್ಚಿಸಿಕೊಂಡವರು ಆ 10 ದಿನ ಕಾಯದೆ ಅವತ್ತೇ ಲಸಿಕೆ ಶುರು ಮಾಡಬೇಕು.

ಆ ದಿನ ಮನೆಯಲ್ಲಿ ಮಾಡಬೇಕಾದದ್ದು ಬಹಳವಿಲ್ಲ. ಹೊಟ್ಟೆ ತುಂಬ ಉಣಿಸಬೇಡಿ, ಝೈಲಜೀನ್‌ನಂಥ ಅಮಲಿನ ಔಷಧಿಗೆ ವಾಂತಿ ಬರುತ್ತದೆ. ಪ್ರೀತಿಯ ತಿಂಡಿ ಒಂದೆರಡು ತುತ್ತು ಸಾಕು. ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೆಯ ಚಾದರ ಹಾಸಿ, ಕೊನೆಗೆ ಮೂತ್ರ ಮಲ ಸಡಿಲುತ್ತದೆ. ಅಮಲು ಏರಲು 10ರಿಂದ 20 ನಿಮಿಷ ಬೇಕು, ಅಷ್ಟೂ ಹೊತ್ತು ಟಿ.ವಿ. ಬಂದ್ ಇರಲಿ, ಸುತ್ತ ಜನ ಸೇರದಿರಲಿ. ಮಾತಾಡಿಸಿ ಎಬ್ಬಿಸುತ್ತಾ ಇದ್ದರೆ ಅಮಲು ಸರಿಯಾಗಿ ಏರುವುದಿಲ್ಲ. ಡಾಕ್ಟರು ಹಿಂಗಾಲಿನ ಬೆರಳುಗಳ ನಡುವಿನ ಚರ್ಮವನ್ನು ಜೋರಾಗಿ ಚಿವುಟಿ ನೋಡುತ್ತಾರೆ. ಕಾಲು ಎಳೆದುಕೊಂಡರೆ ಇನ್ನೂ ಕಾಯಬೇಕು. ಎಳೆದುಕೊಳ್ಳದಿದ್ದರೆ ಮಾತ್ರ ಎರಡನೆಯದು. ಆಮೇಲೆ ಒಂದೆರಡು ನಿಮಿಷದೊಳಗೇ ಉಸಿರು ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತವೆ, ಉಸಿರು ನಿಂತ ಮೇಲೂ ಒಂದೆರಡು ಸಲ ಎದೆ ಎಳೆದಂತಾಗಬಹುದು, ತೊಡೆ ಅದುರಬಹುದು. ಜೀವ ಇದೆ ಅಂತ ಗಾಬರಿಯಾಗಬೇಡಿ, ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ. ಸ್ಟೆತಾಸ್ಕೋಪ್ ಇಟ್ಟು ಕೆಲವು ನಿಮಿಷ ಕೇಳಿ, ಕಣ್ಣಿನ ಗುಡ್ಡೆ ಮುಟ್ಟಿ ನೋಡಿ, ಆಯಿತು ಅನ್ನುವವರೆಗೂ ಡಾಕ್ಟರನ್ನು ಕಳಿಸಬೇಡಿ.

ಹೂಳುವ ಕುಣಿಯನ್ನು ಮಾತ್ರ ಹಿಂದಿನ ದಿನವೇ ತೋಡಿಸಿಡಿ. ನಮ್ಮ ಕಡೆಯ ಬಿಸಿಲಿಗೆ ಮೈ ಬೇಗ ಸೆಟೆಯುತ್ತದೆ, ಹಾಗಾಗಿ ಕಾಲು ಮಡಚಿ ಮಲಗಿಸುವುದನ್ನು ಕೂಡಲೇ ಮಾಡಬೇಕು. ಆಳ ನಾಲ್ಕು ಅಡಿಗೆ ಕಡಿಮೆ ಬೇಡ, ಮೈ ಮೇಲೆ ಮೂರು ಅಡಿ ಮಣ್ಣು ಬೀಳಬೇಕು. ವಿಜಯಪುರದ ಎರಿ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಮೇಲೆ ಮೇಲೆ ಹೂಳಿದ್ದರೆ ಆ ಬಿರುಕಿನಿಂದ ವಾಸನೆ ಎದ್ದು ಬೀದಿ ನಾಯಿಗಳು ಕೆದರುತ್ತವೆ. ಕೆದರಿ ತಿಂದರೆ ಅವೂ ಸಾಯಬಹುದು, ಯಾಕೆಂದರೆ ಈ ಔಷಧಿ ಮಾಂಸದಲ್ಲಿ ಬಹಳ ದಿನ ಹಾಗೇ ಉಳಿಯುತ್ತದೆ. ಅದಕ್ಕೇ ತಿಪ್ಪೆಗೆ, ಹಳ್ಳಕ್ಕೆ ಹಾಕುವುದು ಎಂದಿಗೂ ಬೇಡ. ಬಾವಿ, ಬೋರ್‌ವೆಲ್‌ನಿಂದ ದೂರವಿರಲಿ. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಬೇಸಿಗೆಗೆ ತೆರೆದ ಜಾಗ ಕಂಡು ಅಲ್ಲಿ ಹೂಳುವುದೂ ಬೇಡ, ಮಳೆಗಾಲ ಬಂದರೆ ಅದು ನೀರಿನಡಿ. ಪ್ಲಾಸ್ಟಿಕ್ ಚೀಲ ಬಿಟ್ಟು ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಣ್ಣು ತುಂಬಿ ತುಳಿದ ಮೇಲೆ ದೊಡ್ಡ ಬಂಡೆಗಲ್ಲು ಒತ್ತೊತ್ತಾಗಿ ಜೋಡಿಸಿ. ಸ್ವಂತ ಹೊಲ ಇಲ್ಲದಿದ್ದರೆ ಮಹಾನಗರ ಪಾಲಿಕೆಯ ಆರೋಗ್ಯ ವಿಭಾಗದಲ್ಲಿ ಜಾಗ ಕೇಳಿ, ಅದೂ ಡಾಕ್ಟರಿಗೆ ದಿನ ಕೊಡುವ ಮೊದಲು.